ಸಲಿಕೆಯ ಗೀರು

ಅಳತೆಪಟ್ಟಿ ಹದಿನೆಂಟು ಅಂಗುಲ ಎಂದಿತು. ಸಲಿಕೆ ಅಲ್ಲ ಎಂದಿತು.

ಸಾರ್ವಿಸ್ ಎಂಬ ತೊರೆಯ ನಡುವೆ ಎಮರಿ ಜಾಕ್ ನಿಂತಿದ್ದ. ಆಗಸ್ಟ್ ತಿಂಗಳ ಕೊನೆಯ ವಾರ, ಬೆಳಗಿನ ಆರು ಗಂಟೆ. ಆ ಹೊತ್ತಿನಲ್ಲಿ ನೀರು ಮೂಳೆ ಕೊರೆಯಬೇಕು. ಕೊರೆಯುತ್ತಿರಲಿಲ್ಲ. ಅವನ ಎದುರಿಗೆ ಕಾಂಕ್ರೀಟಿನ ಗೋಡೆ, ಗೋಡೆಗೆ ಬಿಗಿದ ಕಬ್ಬಿಣದ ಪಟ್ಟಿ, ಪಟ್ಟಿಯ ಬಿಳಿ ಬಣ್ಣದ ಮೇಲೆ ಕಪ್ಪು ಅಂಕಿಗಳು. ನೀರಿನ ಅಂಚು ಹದಿನೆಂಟನೆಯ ಗೆರೆಯನ್ನು ಸರಿಯಾಗಿ ಮುಟ್ಟಿತ್ತು. ಅವನು ಸಲಿಕೆಯ ತುದಿಯನ್ನು ತಳದ ಕಾಂಕ್ರೀಟಿಗೆ ಊರಿ ನೆಟ್ಟಗೆ ನಿಲ್ಲಿಸಿದ. ಕಾವಿನ ಮೇಲೆ ಚಾಕುವಿನಿಂದ ಕೊರೆದ ಒಂದು ಗೀರು ಇತ್ತು. ಅದು ನೀರಿನ ಮಟ್ಟದಲ್ಲಿರಬೇಕಿತ್ತು. ನೀರಿಗಿಂತ ಮೂರು ಅಂಗುಲ ಮೇಲಿತ್ತು.

ನಿನ್ನೆಯೂ ಹಾಗೆಯೇ ಇತ್ತು. ಮೊನ್ನೆಯೂ. ಇಂದಿಗೆ ಇಪ್ಪತ್ತನೆಯ ದಿನ.

ಕಂಬಕ್ಕೆ ಹೊಡೆದ ತಗಡಿನ ಪೆಟ್ಟಿಗೆಯಿಂದ ಅವನು ದಾಖಲೆ ಪುಸ್ತಕವನ್ನು ತೆಗೆದ. ತಾರೀಖು ಬರೆದ. ಹದಿನೆಂಟು ಎಂದು ಬರೆದ. ಸಹಿ ಹಾಕಿದ.

ಮೊದಲ ದಿನವೇ ಅವನು ತಾನು ನೀರು ಹಾಯಿಸುವ ಕೆಲಸದಲ್ಲಿದ್ದ ರಾಂಚಿನ, ಆ ದೊಡ್ಡ ಜಮೀನಿನ, ಯಜಮಾನ ಕ್ಲೇ ಹ್ಯಾಲಕ್‌ನಿಗೆ ಹೇಳಿದ್ದ. ಕ್ಲೇ ಜೀಪಿನಿಂದ ಇಳಿಯಲಿಲ್ಲ. ಕಿಟಕಿಯಿಂದಲೇ ಸಲಿಕೆಯನ್ನು ನೋಡಿ ನಕ್ಕ.

"ಎಷ್ಟು ವರ್ಷದ್ದು ಅದು, ಚೀಫ್?"

"ಹನ್ನೊಂದು, ಬಾಸ್."

"ಸವೆದುಹೋಗಿದೆ. ನಿನ್ನ ಹಾಗೇನೆ. ಕಬ್ಬಿಣದ ಪಟ್ಟಿ ಸುಳ್ಳು ಹೇಳುತ್ತಾ, ಸವೆದಿರೋ ಸಲಿಕೆ ಹೇಳುತ್ತಾ? ಹೋಗು, ಓದಿದ್ದು ಬರಿ."

ಜೀಪಿನ ಹಿಂದಿನ ಸೀಟಿನಲ್ಲಿದ್ದ ಇಬ್ಬರು ಅತಿಥಿಗಳೂ ನಕ್ಕರು. ಎಮರಿ ಓದಿದ್ದನ್ನು ಬರೆದ. ಅವನಿಗೆ ಅರವತ್ತಮೂರು ವರ್ಷ. ಅವನ ಮೊಣಕಾಲು ಸವೆದಿತ್ತು, ಹಲ್ಲು ಸವೆದಿತ್ತು. ಸಲಿಕೆಯೂ ಸವೆದಿರಬೇಕು ಎಂದು ನಂಬಲು ಅವನಿಗೆ ಕಷ್ಟವಾಗಲಿಲ್ಲ.

ತೊರೆಯಲ್ಲಿ ಹದಿನೆಂಟು ಅಂಗುಲಕ್ಕಿಂತ ಕಡಿಮೆ ನೀರು ಇರಕೂಡದು. ಇದು ಹನ್ನೊಂದು ವರ್ಷದ ಹಿಂದಿನ ಒಪ್ಪಂದ. ಅದಕ್ಕೂ ಮೊದಲು ಸಾರ್ವಿಸ್ ತೊರೆ ಪ್ರತಿ ಜುಲೈನಲ್ಲಿ ಸಾಯುತ್ತಿತ್ತು. ಹ್ಯಾಲಕ್ ರಾಂಚಿನ ತೂಬು ಇಡೀ ತೊರೆಯನ್ನು ಕಾಲುವೆಗೆ ಎಳೆದು ಕುದುರೆಮಸಾಲೆ ಹುಲ್ಲಿನ ಹೊಲಗಳಿಗೆ ಹಾಯಿಸುತ್ತಿತ್ತು. ಸಮುದ್ರದಿಂದ ಎಂಟುನೂರು ಮೈಲಿ ಈಜಿ ಬಂದ ಸಾಲ್ಮನ್ ಮೀನುಗಳು ರಾಂಚಿನ ಬೇಲಿಯ ಬಳಿ ಕಾದ ಕಲ್ಲುಗಳ ಮೇಲೆ ಬಿದ್ದು ಸಾಯುತ್ತಿದ್ದವು. ಕೊನೆಗೆ ಸರಕಾರದವರು ಬಂದರು. ಎಮರಿಯ ಜನರಾದ ಶೋಶೋನಿ ಮೂಲನಿವಾಸಿಗಳ ಮೀನು ಇಲಾಖೆಯವರು ಬಂದರು. ನೇರಮಾಡಿದ್ದ ತೊರೆಗೆ ಹಳೆಯ ಡೊಂಕುಗಳನ್ನು ಮತ್ತೆ ತೋಡಿದರು. ದಡದಲ್ಲಿ ವಿಲ್ಲೋ ಗಿಡ ನೆಟ್ಟರು. ಹರಿವು ನಿಧಾನವಾಗಲೆಂದು ನೀರಿಗೆ ಅಡ್ಡಲಾಗಿ ಕಂಬ ಹೊಡೆದು ಕೊಂಬೆ ಹೆಣೆದರು. ಆ ಕಂಬಗಳಲ್ಲಿ ನೂರ ನಲವತ್ತನ್ನು ಎಮರಿ ಹೊಡೆದ. ಅವನ ಎಡಭುಜ ಅಂದಿನಿಂದ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಅಳತೆಪಟ್ಟಿಯ ಕಾಂಕ್ರೀಟನ್ನು ಕಲಸಿದವನು ಅವನು. ಪಟ್ಟಿಯನ್ನು ಬೋಲ್ಟು ಹಾಕಿ ಬಿಗಿದವನು ಅವನು. ಪಟ್ಟಿಯ ಹದಿನೆಂಟಕ್ಕೆ ಸರಿಯಾಗಿ ಸಲಿಕೆಯ ಕಾವಿನ ಮೇಲೆ ಗೀರು ಕೊರೆದದ್ದೂ ಅದೇ ದಿನ. ನೀರು ಹಾಯಿಸುವವನ ಕೈಯಲ್ಲಿ ಸಲಿಕೆ ಸದಾ ಇರುತ್ತದೆ. ಆಳ ನೋಡಲು ಅವನು ಬೇರೆ ಕೋಲನ್ನು ಹುಡುಕುವುದಿಲ್ಲ.

ಮೀನು ಮರಳಿತು. ರಾಂಚಿನ ಹೆಬ್ಬಾಗಿಲಿನಲ್ಲಿ ದೊಡ್ಡ ಫಲಕ ನಿಂತಿತು: ಸಾಲ್ಮನ್ ಮರಳಿ ಬಂದ ತೊರೆ. ಅದರ ಮೇಲೆ ಸಲಿಕೆ ಹಿಡಿದ ಎಮರಿಯ ಚಿತ್ರ. ಚಿತ್ರದ ಕೆಳಗೆ ಇನ್ನೊಂದು ಫಲಕ: ಒಳಗೆ ಬರಕೂಡದು. ದುರ್ಬೀನು ಹಿಡಿದ ಅತಿಥಿಗಳು ಒಳಗೆ ಬರುತ್ತಿದ್ದರು. ಎಮರಿಯ ಜನ ವರ್ಷಕ್ಕೆ ಒಂದು ದಿನ, ನಾಲ್ಕು ಗಂಟೆ, ಮೀನು ಎಣಿಸಲು ಮಾತ್ರ ಬರಬಹುದಾಗಿತ್ತು. ದಿನದಿನದ ಅಳತೆಗೆ ಎಮರಿಯೇ ಸಹಿ ಹಾಕಬೇಕೆಂದು ಪಟ್ಟುಹಿಡಿದವನು ಕ್ಲೇ. ಮೀನಿನ ಪರವಾಗಿ ಕೇಳುವವರ ಮನುಷ್ಯನೇ ಸಹಿ ಹಾಕಿದ ಮೇಲೆ ಯಾರು ಪ್ರಶ್ನಿಸುತ್ತಾರೆ? ಯಾರೂ ಪ್ರಶ್ನಿಸಿರಲಿಲ್ಲ.

ಆ ನಾಡಿನ ಕಾನೂನು ಸರಳ. ಯಾರು ಮೊದಲು ಕಾಲುವೆ ತೋಡಿದರೋ ನೀರು ಮೊದಲು ಅವರದು. ಹ್ಯಾಲಕ್ ಮನೆತನದ ಹಕ್ಕುಪತ್ರದಲ್ಲಿರುವ ವರ್ಷ 1884. ಎಮರಿಯ ಅಜ್ಜಿ ಹುಟ್ಟಿದ್ದು ಇದೇ ಕಣಿವೆಯಲ್ಲಿ. ಅವಳಿಗೆ ಏಳು ವರ್ಷವಾದಾಗ, 1907ರಲ್ಲಿ, ಅವಳ ಜನರನ್ನೆಲ್ಲ ಇಲ್ಲಿಂದ ಎಬ್ಬಿಸಿ ಇನ್ನೂರು ಮೈಲಿ ದೂರದ ಮೀಸಲು ನೆಲಕ್ಕೆ ನಡೆಸಿದರು. ಅವರು ಮೀನು ತಿಂದಿದ್ದರು, ನೀರು ಕುಡಿದಿದ್ದರು, ಕಾಲುವೆ ತೋಡಿರಲಿಲ್ಲ. ಆದ್ದರಿಂದ ಹಕ್ಕಿಲ್ಲ. ಎಮರಿ ಮೂವತ್ತೊಂದು ವರ್ಷದಿಂದ ಅದೇ ಕಾಲುವೆಯ ಹೂಳು ತೆಗೆಯುತ್ತಿದ್ದ. ಅದಕ್ಕೂ ಹಕ್ಕಿಲ್ಲ.

ಎಂಟು ಗಂಟೆಗೆ ಅವನ ಅಕ್ಕ ವರ್ಡೀನ್ ಬಂದಳು. ಮೀನು ಇಲಾಖೆಯ ಹಳೆಯ ಪಿಕಪ್ ಗಾಡಿ. ಅರವತ್ತೆಂಟು ವರ್ಷದ ಹೆಂಗಸು, ಎದೆಯವರೆಗಿನ ರಬ್ಬರ್ ಷರಾಯಿ ತೊಟ್ಟು, ಬೆನ್ನಿಗೆ ಜಡೆ ಬಿಟ್ಟುಕೊಂಡು ಇಳಿದಳು. ಇಂದು ಎಣಿಕೆಯ ದಿನ.

"ಏನೋ ತಮ್ಮ, ಇನ್ನೂ ಬದುಕಿದ್ದೀಯಾ?"

"ನೀನು ಬರೋ ತನಕ ಸಾಯಬಾರ್ದು ಅಂತಿದ್ದೆ ಅಕ್ಕ."

"ಹಾಗಾದ್ರೆ ನಾಳೆಯಿಂದ ನಿಂಗೆ ಪುರಸೊತ್ತು."

ಇಬ್ಬರೂ ತೊರೆಯಲ್ಲಿ ಮೇಲಕ್ಕೆ ನಡೆದರು. ಕಳೆದ ವರ್ಷ ತೂಬಿನಿಂದ ಮೇಲೆ ನಲವತ್ತೊಂದು ಗುಂಡಿಗಳಿದ್ದವು. ಹೆಣ್ಣುಮೀನು ಬಾಲದಿಂದ ಜಲ್ಲಿಯನ್ನು ಕೆದಕಿ ಗುಂಡಿ ಮಾಡಿ ಮೊಟ್ಟೆ ಇಡುತ್ತದೆ. ಕೆದಕಿದ ಕಲ್ಲು ಬೆಳ್ಳಗೆ ಹೊಳೆಯುತ್ತದೆ. ಮೂರು ಗಂಟೆ ನಡೆದರು. ಒಂದೂ ಬೆಳ್ಳಗೆ ಹೊಳೆಯಲಿಲ್ಲ. ವರ್ಡೀನ್ ಕಾಗದದಲ್ಲಿ ಸೊನ್ನೆ ಬರೆದಳು. ಅವಳ ತಮಾಷೆ ನಿಂತುಹೋಯಿತು.

ಹಿಂತಿರುಗಿ ಕೆಳಕ್ಕೆ ಬಂದರು. ತೂಬನ್ನು ದಾಟಿ, ಅಳತೆಪಟ್ಟಿಯನ್ನು ದಾಟಿ, ಜಲ್ಲಿಯ ಇಳಿಜಾರಿಗೆ ಬಂದರು. ಇಳಿಜಾರಿನಲ್ಲಿ ನೀರು ಕಲ್ಲುಗಳ ನಡುವೆ ದಾರದಂತೆ ಹರಿಯುತ್ತಿತ್ತು. ಅದರ ಕೆಳಗೆ, ರಸ್ತೆಯ ಸೇತುವೆಯ ಪಕ್ಕದಲ್ಲಿ, ಒಂದು ಮಡು. ಮಡುವಿನಲ್ಲಿ ಮೀನುಗಳಿದ್ದವು. ಮೇಲೆ ಹತ್ತಲಾರದೆ ನಿಂತಿದ್ದವು. ಎಂಟು. ಪ್ರತಿಯೊಂದೂ ತೋಳುದ್ದ. ಒಂದು ಇಳಿಜಾರಿಗೆ ನುಗ್ಗಿತು. ಬೆನ್ನು ಪೂರ್ತಿ ನೀರಿನ ಹೊರಗೆ. ಕಲ್ಲಿನ ಮೇಲೆ ಹೊಟ್ಟೆ ತೆವಳಿಸಿ ಒದ್ದಾಡಿ ಮಗುಚಿ ಮತ್ತೆ ಮಡುವಿಗೆ ಬಿತ್ತು.

"ಅಜ್ಜಿ ಏನಂತಿದ್ಲು?" ವರ್ಡೀನ್ ಕೇಳಿದಳು.

"ಮೀನಿನ ಬೆನ್ನ ಮೇಲೆ ನಾಲ್ಕು ಬೆರಳು ನೀರಿರ್ಬೇಕು."

"ಇಲ್ಲಿ ಬೆರಳು ಇಡು ನೋಡೋಣ. ಎಲ್ಲಿಡ್ತೀಯ? ಪಟ್ಟಿ ಓದೋಕೆ ಕಲ್ತೆ, ಮೀನು ಓದೋದು ಮರ್ತೆ."

ಒಂಬತ್ತನೆಯ ಮೀನು ದಡದ ಕಲ್ಲುಗಳ ನಡುವೆ ಬಿದ್ದಿತ್ತು. ಸತ್ತು ಒಂದು ದಿನವಾಗಿತ್ತು. ವರ್ಡೀನ್ ಚಾಕು ತೆಗೆದು ಅದರ ಹೊಟ್ಟೆ ಸೀಳಿದಳು. ಒಳಗೆ ಮೊಟ್ಟೆಗಳು ತುಂಬಿದ್ದವು. ಕೆಂಪಗೆ, ದುಂಡಗೆ, ಒಂದೂ ಇಡದೆ ಉಳಿದವು. ಒಂದು ಹೆಣ್ಣಿಗೆ ನಾಲ್ಕು ಸಾವಿರಕ್ಕೆ ಕಡಿಮೆಯಿರುವುದಿಲ್ಲ.

ಜೀಪು ಬಂದು ನಿಂತಿತು. ಈ ಸಲ ಕ್ಲೇ ಇಳಿದ. ಕೈಯಲ್ಲಿ ದಾಖಲೆ ಪುಸ್ತಕವಿತ್ತು.

"ನಿಮ್ಮ ನಾಲ್ಕು ಗಂಟೆ ಮುಗೀತು, ಮೇಡಂ."

"ಗಡಿಯಾರ ನಂಗೂ ಓದೋಕೆ ಬರುತ್ತೆ. ಇಲ್ಲಿ ನೀರಿಲ್ಲ."

"ನೀರಿಲ್ವಾ? ಇದು ಯಾರ ಸಹಿ ನೋಡಿ. ನಂದಾ? ನಿಮ್ಮ ಸ್ವಂತ ತಮ್ಮಂದು. ಹದಿನೆಂಟು. ಹದಿನೆಂಟು. ಹದಿನೆಂಟು. ಇವತ್ತೂ ಹದಿನೆಂಟು." ಅವನು ಪುಟವನ್ನು ಅವಳ ಮುಖದ ಹತ್ತಿರ ಹಿಡಿದ. "ನೀರು ಕಮ್ಮಿ ಅಂದ್ರೆ ನಿಮ್ಮ ತಮ್ಮ ಸುಳ್ಳುಗಾರ ಅಂತಾಯ್ತು. ಹಾಗಂತ ಬರ್ಕೊಡಿ, ನಾನೇ ಸರಕಾರಕ್ಕೆ ಕಳಿಸ್ತೀನಿ."

ವರ್ಡೀನ್ ತಮ್ಮನ ಕಡೆ ತಿರುಗಿದಳು.

"ನಿನ್ನ ಸಹಿನಾ ಇದು?"

"ಹೌದು ಅಕ್ಕ."

ಅವಳು ಮೀನಿನ ಹೊಟ್ಟೆಯಿಂದ ಒಂದು ಹಿಡಿ ಮೊಟ್ಟೆ ತೆಗೆದು ಅವನ ಅಂಗೈಗೆ ಹಾಕಿದಳು.

"ಇದಕ್ಕೂ ಹಾಕು."

ಅವಳು ಸತ್ತ ಮೀನನ್ನು ಎತ್ತಿಕೊಳ್ಳಲು ಬಾಗಿದಳು. ಕ್ಲೇ ಬೂಟಿನ ಕಾಲನ್ನು ಮೀನಿನ ಬಾಲದ ಮೇಲೆ ಇಟ್ಟ.

"ಅದನ್ನ ಅಲ್ಲೇ ಬಿಡಿ. ಎಣಿಸೋಕೆ ಮಾತ್ರ ಅನುಮತಿ. ನನ್ನ ನೆಲದ ಮೇಲೆ ಸತ್ತಿದ್ದು ನಂದು."

ವರ್ಡೀನ್ ಮೀನಿನಿಂದ ಕೈ ತೆಗೆದಳು. ಆಮೇಲೆ ಎದ್ದು ತನ್ನ ಗಾಡಿಗೆ ಹೋದಳು. ಹೆಬ್ಬಾಗಿಲನ್ನು ದಾಟಿ, ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, ಇಳಿದು ಕಟಕಟೆಗೆ ಒರಗಿ ನಿಂತಳು. ಸೇತುವೆ ಸರಕಾರದ್ದು. ಅಲ್ಲಿಂದ ಮಡು ಕಾಣುತ್ತಿತ್ತು.

ಕ್ಲೇ ಪುಸ್ತಕವನ್ನು ಎಮರಿಯ ಎದೆಗೆ ಒತ್ತಿದ. "ಪೆಟ್ಟಿಗೇಲಿ ಇಡು ಚೀಫ್. ಕೈ ತೊಳ್ಕೊಂಡು ಮುಟ್ಟು."

ಎಮರಿ ಕೈ ತೊಳೆದುಕೊಳ್ಳಲಿಲ್ಲ. ಸಾಮಾನಿನ ಕೊಟ್ಟಿಗೆಗೆ ಹೋದ. ಮೊಳೆಗೆ ಒಂದು ಹೊಸ ಸಲಿಕೆ ತೂಗುಹಾಕಿತ್ತು. ಅವನದೇ ಸಲಿಕೆಯ ಜೋಡಿ. ಒಟ್ಟಿಗೆ ಬಂದದ್ದು, ಯಾರೂ ಬಳಸದೆ ಉಳಿದದ್ದು. ಅವನು ಎರಡನ್ನೂ ಗೋಡೆಗೆ ಒರಗಿಸಿ, ಕಾವಿನ ಮೇಲ್ತುದಿಗಳನ್ನು ಸಮಮಾಡಿ, ಅಲಗುಗಳನ್ನು ನೋಡಿದ. ಅವನದು ಒಂದು ಅಂಗುಲ ಗಿಡ್ಡ. ಹನ್ನೊಂದು ವರ್ಷದ ಜಲ್ಲಿ ಆ ಒಂದು ಅಂಗುಲವನ್ನು ತಿಂದಿತ್ತು. ಕ್ಲೇ ಹೇಳಿದ್ದು ನಿಜ. ಸಲಿಕೆ ಸವೆದಿತ್ತು.

ಅವನು ಬಾಗಿಲವರೆಗೆ ಹೋದ. ಅಲ್ಲಿ ನಿಂತ.

ಅವನನ್ನು ಆರನೆಯ ವಯಸ್ಸಿನಲ್ಲಿ ಸರಕಾರದ ವಸತಿಶಾಲೆಗೆ ಎಳೆದೊಯ್ದಿದ್ದರು. ಅಲ್ಲಿ ಅವನ ಜನರ ಭಾಷೆಯನ್ನು ಕಿತ್ತುಕೊಂಡರು, ಗಣಿತವನ್ನು ಕೊಟ್ಟರು. ಉತ್ತರ ತಪ್ಪಿದರೆ ಗೆಣ್ಣಿನ ಮೇಲೆ ಅಳತೆಕೋಲಿನ ಅಂಚಿನಿಂದ ಹೊಡೆಯುತ್ತಿದ್ದರು. ಕಳೆಯುವ ಲೆಕ್ಕ ಅವನಿಗೆ ಗೆಣ್ಣಿನಿಂದ ಬರುತ್ತಿತ್ತು. ಈಗಲೂ ಬಂತು.

ಗೀರು ಕೊರೆದ ದಿನ ಸಲಿಕೆಯ ತುದಿಯಿಂದ ಗೀರಿಗೆ ಹದಿನೆಂಟು ಅಂಗುಲ. ಅಲಗು ಒಂದು ಅಂಗುಲ ಸವೆಯಿತು. ಈಗ ಹದಿನೇಳು. ಸವೆದ ಸಲಿಕೆ ಗಿಡ್ಡವಾಗುತ್ತದೆ. ಗಿಡ್ಡವಾದರೆ ಗೀರು ಕೆಳಗೆ ಇಳಿಯುತ್ತದೆ, ಮೇಲೆ ಏರುವುದಿಲ್ಲ. ತೊರೆಯಲ್ಲಿ ನಿಜವಾಗಿ ಹದಿನೆಂಟು ಅಂಗುಲ ನೀರಿದ್ದರೆ ಗೀರು ಒಂದು ಅಂಗುಲ ಮುಳುಗಬೇಕು. ಅದು ಮೂರು ಅಂಗುಲ ಮೇಲಿದೆ. ಹದಿನೇಳರಲ್ಲಿ ಮೂರು ಕಳೆದರೆ ಹದಿನಾಲ್ಕು.

ನಾಲ್ಕು ಅಂಗುಲ ನೀರು ಇಲ್ಲ. ಅಜ್ಜಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೀನಿನ ಬೆನ್ನ ಮೇಲಿನ ಅಷ್ಟೂ ನೀರು.

ಐದನೆಯ ತರಗತಿಯ ಲೆಕ್ಕ. ಇಪ್ಪತ್ತು ದಿನ ಅವನು ಅದನ್ನು ಮಾಡಿರಲಿಲ್ಲ. ಒಬ್ಬನು ನಕ್ಕಿದ್ದ, ಅವನು ಆ ನಗುವನ್ನು ಉತ್ತರವೆಂದು ಬರೆದುಕೊಂಡಿದ್ದ.

ಅವನು ತೊರೆಗೆ ಓಡಿದ. ಅಳತೆಪಟ್ಟಿಯ ಮುಂದೆ ಮಂಡಿಯೂರಿ, ಮೊಣಕೈವರೆಗೆ ಕೈಯನ್ನು ನೀರಿನಲ್ಲಿ ಇಳಿಸಿದ. ಪಟ್ಟಿಯ ಕೆಳತುದಿ ಪಾಚಿ ಮತ್ತು ಕೆಸರಿನಲ್ಲಿ ಮುಚ್ಚಿತ್ತು. ಅವನು ಬಿಗಿದ ಪಟ್ಟಿಯ ಕೆಳಮೂಲೆ ದುಂಡಗಿತ್ತು, ಅದರ ಮೊದಲ ಅಂಕಿ ಸೊನ್ನೆ. ಈಗ ಬೆರಳಿಗೆ ಹರಿತವಾದ ಅಂಚು ಸಿಕ್ಕಿತು. ಬೆರಳು ಕೊಯ್ದಿತು. ಅವನು ಕೈ ತೆಗೆಯಲಿಲ್ಲ. ಪಾಚಿಯನ್ನು ಉಗುರಿನಿಂದ ಕೆರೆದು, ಮುಖವನ್ನು ನೀರಿಗೆ ಅದ್ದಿ, ಕಣ್ಣು ತೆರೆದು ನೋಡಿದ. ಪಟ್ಟಿ ನಾಲ್ಕರಿಂದ ಶುರುವಾಗಿತ್ತು. ಕೆಳಗಿನ ನಾಲ್ಕು ಅಂಗುಲವನ್ನು ಕತ್ತರಿಸಿ ಪಟ್ಟಿಯನ್ನು ಅಷ್ಟೇ ಕೆಳಕ್ಕೆ ಇಳಿಸಿ ಬಿಗಿದಿದ್ದರು.

ದಡದ ಮೇಲೆ ಯಾರೋ ನಿಂತಿದ್ದರು. ಎಫ್ರೈನ್. ರಾಂಚಿನ ಆಳು, ಪೆರು ದೇಶದ ಬೆಟ್ಟದವನು, ಹಿರಿಯರನ್ನು ದೊನ್ ಎಂದು ಕರೆಯುವವನು. ಅವನನ್ನು ಈ ದೇಶಕ್ಕೆ ಬಿಟ್ಟುಕೊಂಡ ಕಾಗದದಲ್ಲಿ ಒಂದೇ ರಾಂಚಿನ ಹೆಸರಿತ್ತು. ಇಲ್ಲಿ ಬೇಡವೆಂದರೆ ಮರಳಿ ಹೋಗಬೇಕು.

"ಕೈಗೆ ರಕ್ತ ಬರ್ತಿದೆ, ದೊನ್ ಎಮರಿ."

"ಗೊತ್ತು."

"ಕತ್ತರಿಸಿದ್ದು ನಾನೇ." ಅವನು ಟೋಪಿಯನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಬಾಸ್ ಯಂತ್ರ ಕೊಟ್ಟು ಇಲ್ಲಿ ಕತ್ತರಿಸು ಅಂದ್ರು. ಕಬ್ಬಿಣದ ಪಟ್ಟಿ ಅಂದ್ಕೊಂಡೆ. ಮೀನು ಅಂತ ಗೊತ್ತಾಗಲಿಲ್ಲ."

"ನಾನು ಇಪ್ಪತ್ತು ಸಲ ಸಹಿ ಹಾಕಿದೀನಿ. ನೀನು ಒಂದೇ ಸಲ ಕತ್ತರಿಸಿದ್ದು. ಹೋಗು, ಟೋಪಿ ಹಾಕ್ಕೊ, ಬಿಸಿಲಿದೆ."

ಎಮರಿ ಪುಸ್ತಕವನ್ನು ತೆರೆದ. ಹದಿನೆಂಟರ ಮೇಲೆ ಗೆರೆ ಎಳೆದ, ಪಕ್ಕದಲ್ಲಿ ಹದಿನಾಲ್ಕು ಎಂದು ಬರೆದ, ಸಹಿ ಹಾಕಿದ. ಇಪ್ಪತ್ತು ಗೆರೆ, ಇಪ್ಪತ್ತು ಹದಿನಾಲ್ಕು, ಇಪ್ಪತ್ತು ಸಹಿ. ಪ್ರತಿ ಸಾಲಿನಲ್ಲಿಯೂ ಬೆರಳಿನ ರಕ್ತ ಹತ್ತಿತು. ಒರೆಸಲಿಲ್ಲ. ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

ತೂಬಿನ ಚಕ್ರಕ್ಕೆ ಬೀಗ ಹಾಕಿತ್ತು. ಕೀಲಿ ಕ್ಲೇಯ ಸೊಂಟದಲ್ಲಿತ್ತು. ತೂಬನ್ನು ಮುಚ್ಚುವಂತಿರಲಿಲ್ಲ. ಎಮರಿ ಹೊಲಕ್ಕೆ ಹೋಗಿ ತನ್ನ ಟಾರ್ಪಾಲನ್ನು ಹೊತ್ತು ತಂದ. ಉದ್ದನೆಯ ಒಂದು ಗಳು, ಗಳುವಿಗೆ ಮೊಳೆ ಹೊಡೆದ ದಪ್ಪ ಟಾರ್ಪಾಲು. ಕಾಲುವೆಗೆ ಅಡ್ಡಲಾಗಿ ಗಳುವನ್ನು ಇಟ್ಟು, ಟಾರ್ಪಾಲನ್ನು ನೀರು ಬರುವ ಕಡೆಗೆ ತಳಕ್ಕೆ ಹಾಸಿ, ಅಂಚಿನ ಮೇಲೆ ಹೆಂಟೆ ಮತ್ತು ಕಲ್ಲು ಹೇರಿದರೆ ನೀರು ನಿಂತು, ಏರಿ, ಹೊಲಕ್ಕೆ ಹರಿಯುತ್ತದೆ. ಮೂವತ್ತೊಂದು ವರ್ಷ, ದಿನಕ್ಕೆ ಹತ್ತು ಸಲ, ಅವನು ಈ ಕಟ್ಟೆಯನ್ನು ಹಾಕಿದ್ದ, ಕಿತ್ತಿದ್ದ, ಮುಂದಕ್ಕೆ ಒಯ್ದಿದ್ದ. ಸಾರ್ವಿಸ್ ತೊರೆಯನ್ನು ಹನಿಹನಿಯಾಗಿ ಹುಲ್ಲಿಗೆ ಕುಡಿಸಿದ ಕೈಗಳು ಇವೇ.

ಅವನು ತೂಬಿನಿಂದ ಹತ್ತು ಹೆಜ್ಜೆ ಕೆಳಗೆ ಕಾಲುವೆಗೆ ಇಳಿದ. ಅಲ್ಲಿ ತೊರೆಗೂ ಕಾಲುವೆಗೂ ನಡುವೆ ಒಂದೇ ಒಂದು ಏರಿ. ಗಳುವನ್ನು ಅಡ್ಡ ಇಟ್ಟ. ಟಾರ್ಪಾಲನ್ನು ಹಾಸಿದ. ಎದೆಮಟ್ಟದ ನೀರಿನಲ್ಲಿ ಮುಳುಗಿ ಮುಳುಗಿ ಕಲ್ಲು ಎತ್ತಿ ಹೇರಿದ. ಹದಿನೇಳು ಕಲ್ಲು. ನೀರು ಟಾರ್ಪಾಲನ್ನು ಒತ್ತಿ ಉಬ್ಬಿತು. ಆಮೇಲೆ ಅವನು ಏರಿಯ ಮೇಲೆ ಹತ್ತಿ ಸಲಿಕೆಯಿಂದ ಅಗೆಯತೊಡಗಿದ.

ನೂರ ನಲವತ್ತು ವರ್ಷದ ಏರಿ. ಹುಲ್ಲಿನ ಬೇರು ಹಗ್ಗದಂತೆ ಹೆಣೆದುಕೊಂಡಿತ್ತು. ಅವನು ಅಲಗಿನ ಮೇಲೆ ಕಾಲಿಟ್ಟು ಮೈಭಾರ ಹಾಕಿದ. ಎಡಭುಜ ಏಳಲಿಲ್ಲ, ಬಲಗೈಯಿಂದ ಎತ್ತಿ ಎಸೆದ. ಮೊಣಕಾಲು ಮಾತಾಡಿತು, ಅವನು ಕೇಳಲಿಲ್ಲ. ಒಂದು ಮೊಳ ಅಗಲ. ಎರಡು ಮೊಳ. ಬೆವರು ಕಣ್ಣಿಗೆ ಇಳಿಯಿತು. ಕೊನೆಯ ಹೆಂಟೆಯನ್ನು ಅವನು ಎತ್ತಬೇಕಾಗಲಿಲ್ಲ. ನೀರೇ ಅದನ್ನು ಒಯ್ದಿತು. ಕಾಲುವೆ ತೊರೆಗೆ ಮಗುಚಿಕೊಂಡು ಬಿತ್ತು.

ಅವನು ಅಳತೆಪಟ್ಟಿಯ ಬಳಿ ಹೋಗಿ ಸಲಿಕೆಯನ್ನು ಊರಿ ನಿಂತ. ಗೀರಿನ ಕೆಳಗೆ ಎರಡು ಅಂಗುಲ. ಒಂದು ಅಂಗುಲ. ಗೀರು ಒದ್ದೆಯಾಯಿತು. ಗೀರು ಮುಳುಗಿತು. ಒಂದು ಅಂಗುಲ ಮುಳುಗಿ ನಿಂತಿತು.

ಕತ್ತರಿಸಿದ ಪಟ್ಟಿ ಇಪ್ಪತ್ತೆರಡು ಎಂದಿತು. ಅವನು ಅದನ್ನು ಓದಲಿಲ್ಲ.

ಕ್ಲೇ ಕಾಲ್ನಡಿಗೆಯಲ್ಲಿ ಬಂದ. ಹೊಲಕ್ಕೆ ನೀರು ಬರುವುದು ನಿಂತದ್ದು ಕಂಡಿರಬೇಕು. ಕೊಚ್ಚಿಹೋದ ಏರಿಯನ್ನು ನೋಡಿ ಅವನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ಇದು ನನ್ನ ಮುತ್ತಜ್ಜ ಹಾಕಿದ ಏರಿ!"

"ಹಾಕಿದ್ದು ಅವನಲ್ಲ. ಆಳುಗಳು."

"ಏನಂದೆ?"

"ಅಗೆದವರು ಆಳುಗಳು ಅಂದೆ. ಆಗ್ಲೂ, ಈಗ್ಲೂ."

"ಮುದಿಯ, ತಲೆ ಕೆಟ್ಟಿದ್ಯಾ? ಮೂರನೇ ಕೊಯ್ಲು ಹಾಳಾಗುತ್ತೆ. ಇದು ಕಳ್ಳತನ ಕಣೋ, ನೀರಿನ ಕಳ್ಳತನ! ಆ ಟ್ರೈಲರ್ ಮನೆ ಇವತ್ತೇ ಖಾಲಿ ಮಾಡು. ಮೂವತ್ತು ವರ್ಷ ನಿಂಗೆ ಜಾಗ ಕೊಟ್ಟೆವಲ್ಲ, ಅದಕ್ಕೆ ಇದಾ?"

"ಮೂವತ್ತೊಂದು. ಪಟ್ಟಿ ನಾಲ್ಕರಿಂದ ಶುರುವಾಗುತ್ತೆ, ಕ್ಲೇ. ನಾನು ಮುಟ್ಟಿ ನೋಡಿದೆ."

ಅವನು ಬಾಸ್ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕ್ಲೇ ತಿರುಗಿ ಕೂಗಿದ.

"ಎಫ್ರೈನ್! ಇಳಿ ಕಾಲುವೆಗೆ. ಆ ಟಾರ್ಪಾಲು ಕಿತ್ತುಹಾಕು."

ಎಫ್ರೈನ್ ಏರಿಯ ಮೇಲೆ ನಿಂತಿದ್ದ. ಟೋಪಿ ಹಾಕಿಕೊಂಡಿದ್ದ. ನಾಲ್ಕು ವರ್ಷದಿಂದ ಅವನು ಕ್ಲೇಯ ಪ್ರತಿ ಆಜ್ಞೆಯನ್ನೂ ಅರ್ಧ ಕೇಳುವುದರಲ್ಲಿ ಮಾಡಿ ಮುಗಿಸುತ್ತಿದ್ದ. ಈಗ ಕಣ್ಣು ಅರಳಿಸಿ, ಕ್ಲೇಯ ಭಾಷೆಯಲ್ಲಿಯೇ, ಒಂದಕ್ಷರ ತಪ್ಪದೆ ಹೇಳಿದ:

"ಕ್ಷಮಿಸಿ ಬಾಸ್, ನಂಗೆ ನಿಮ್ಮ ಭಾಷೆ ಬರಲ್ಲ."

"ಪಟ್ಟಿ ಕತ್ತರಿಸುವಾಗ ಬರ್ತಿತ್ತಲ್ಲೋ!"

ಮಾತು ಬಾಯಿಂದ ಹೊರಟ ಮೇಲೆ ಅದು ಕ್ಲೇಗೇ ಕೇಳಿಸಿತು. ಸೇತುವೆಯ ಮೇಲಿದ್ದ ವರ್ಡೀನ್‌ಗೂ ಕೇಳಿಸಿತು. ಅವಳು ಗಟ್ಟಿಯಾಗಿ ನಕ್ಕಳು.

ಕ್ಲೇ ತಾನೇ ಕಾಲುವೆಗೆ ಇಳಿದ. ಟಾರ್ಪಾಲಿನ ಒಣ ಬದಿಯಲ್ಲಿ ನಿಂತು ಗಳುವನ್ನು ಎರಡೂ ಕೈಯಿಂದ ಎಳೆದ. ಅದು ಅಲುಗಲಿಲ್ಲ. ಮತ್ತೆ ಎಳೆದ. ಟಾರ್ಪಾಲನ್ನು ಹಾಗೆ ತೆಗೆಯುವುದಿಲ್ಲ. ನೀರಿನ ಕಡೆ ನಿಂತು, ಅಂಚಿನ ಕಲ್ಲು ಸರಿಸಿ, ಒಂದು ಮೂಲೆಯನ್ನು ಎತ್ತಿ, ನೀರಿಗೆ ಕೆಳಗಿನಿಂದ ದಾರಿ ಕೊಡಬೇಕು. ಹ್ಯಾಲಕ್ ಮನೆಯ ನಾಲ್ಕು ತಲೆಮಾರಿನಲ್ಲಿ ಯಾರಿಗೂ ಇದನ್ನು ತಿಳಿಯುವ ಅಗತ್ಯ ಬಿದ್ದಿರಲಿಲ್ಲ. ಮೂರನೆಯ ಸಲ ಎಳೆದಾಗ ಅವನ ಬೂಟು ಜಾರಿತು. ಅವನು ಕೆಸರಿನಲ್ಲಿ ಕುಳಿತುಬಿಟ್ಟ. ಯಾರೂ ಅವನಿಗೆ ಹೇಗೆಂದು ಹೇಳಿಕೊಡಲಿಲ್ಲ.

ಮೊದಲ ಮೀನು ಆಗ ಇಳಿಜಾರನ್ನು ಹತ್ತಿತು. ಬೆನ್ನು ಕಾಣಲಿಲ್ಲ. ನೀರಿನ ಮೇಲೆ ಒಂದು ಸುಕ್ಕು ಮಾತ್ರ ಮೇಲಕ್ಕೆ ಸರಿದು, ಅಳತೆಪಟ್ಟಿಯನ್ನು ದಾಟಿ, ತೂಬನ್ನು ದಾಟಿ, ವಿಲ್ಲೋ ನೆರಳಿಗೆ ಸೇರಿತು. "ಒಂದು!" ಎಂದು ವರ್ಡೀನ್ ಸೇತುವೆಯ ಮೇಲಿಂದ ಕೂಗಿದಳು.

ಕ್ಲೇ ಕರೆಸಿದ ಷೆರೀಫ್ ಕಚೇರಿಯ ಪೊಲೀಸಿನವನು ಬರಲು ಐವತ್ತು ನಿಮಿಷ ಬೇಕಾಯಿತು. ಆ ಐವತ್ತು ನಿಮಿಷವೂ ಎಮರಿ ಕೊಯ್ದ ಏರಿಯ ಮೇಲೆ ಸಲಿಕೆ ಹಿಡಿದು ನಿಂತಿದ್ದ. ಕ್ಲೇ ಟ್ರ್ಯಾಕ್ಟರು ತರಲು ಹೋದ. ಪೊಲೀಸಿನವನು ಬಂದು ಏರಿಯನ್ನು ನೋಡಿದ, ಪುಸ್ತಕವನ್ನು ನೋಡಿದ, ರಕ್ತದ ಕಲೆಯನ್ನು ನೋಡಿ ಪುಟವನ್ನು ಎರಡು ಬೆರಳಿನಲ್ಲಿ ಹಿಡಿದ.

"ಸರಕಾರಿ ದಾಖಲೆ ತಿದ್ದಿದ್ದೀಯ."

"ತಿದ್ದಿದ್ದು ಪಟ್ಟಿಯನ್ನ. ನಾನು ಸರಿಮಾಡ್ದೆ. ಅಲ್ಲಿ ಕೈ ಇಳಿಸಿ ನೋಡಿ, ಮೊದಲನೇ ಅಂಕಿ ನಾಲ್ಕು."

ಪೊಲೀಸಿನವನು ನೀರನ್ನು ನೋಡಿದ. ತನ್ನ ಇಸ್ತ್ರಿಯ ತೋಳನ್ನು ನೋಡಿದ.

"ಅದು ನೀರು ಅಧಿಕಾರಿಯ ಕೆಲಸ. ಮಂಗಳವಾರ ಬರ್ತಾರೆ."

"ಇವತ್ತು ಗುರುವಾರ."

"ನಾನೇನು ಮಾಡ್ಲಿ? ಕಾಲುವೆ ಒಡೆದದ್ದು ಕಣ್ಣಿಗೆ ಕಾಣ್ತಿದೆ. ನೀರೊಳಗಿರೋದು ಕಾಣಲ್ಲ."

ಅವನು ಕಾರಿನ ಮೂತಿಯ ಮೇಲೆ ಹಾಳೆ ಇಟ್ಟು ಬರೆದ. ಬರೆದು ಪೆನ್ನನ್ನು ಎಮರಿಯ ಕೈಗೆ ಕೊಟ್ಟ. "ಹೇಳಿಕೆ. ಸಹಿ ಹಾಕು, ಬೇಗ ಮುಗಿಯುತ್ತೆ."

ಎಮರಿ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದ. ಬೆರಳಿಟ್ಟು ತೋರಿಸಿದ.

"ಇಲ್ಲಿ ಏನು ಬರ್ದಿದೀರಿ?"

"ತೊರೆಯಲ್ಲಿ ಹದಿನೆಂಟು ಅಂಗುಲ ನೀರಿದ್ದಾಗ್ಯೂ ಅಂತ. ಪುಸ್ತಕದಲ್ಲಿ ಮೊದಲು ಅದೇ ತಾನೇ ಇದ್ದಿದ್ದು?"

"ಹದಿನಾಲ್ಕು ಬರೀರಿ. ಹಾಕ್ತೀನಿ."

"ಅದು ಹ್ಯಾಲಕ್ ಅವರು ಹೇಳಿದ್ದಲ್ಲ."

"ಹಾಗಾದ್ರೆ ಅವನ ಸಹಿ ತಗೊಳ್ಳಿ." ಎಮರಿ ಪೆನ್ನನ್ನು ಹಾಳೆಯ ಮೇಲೆ ಇಟ್ಟ. "ಇಪ್ಪತ್ತು ಸಲ ಹಾಕಿದೀನಿ. ಇನ್ನಿಲ್ಲ."

ಕೈಗೆ ಬೇಡಿ ಬಿತ್ತು. ಎಡಗೈ ಬೆನ್ನ ಹಿಂದಕ್ಕೆ ತಿರುಗಲಿಲ್ಲ; ಪೊಲೀಸಿನವನು ತಿರುಗಿಸಿದ. ಎಮರಿ ಹಲ್ಲು ಕಚ್ಚಿದ, ಕೂಗಲಿಲ್ಲ. ಸಲಿಕೆಗೆ ಒಂದು ಚೀಟಿ ಕಟ್ಟಿ ಡಿಕ್ಕಿಯಲ್ಲಿ ಹಾಕಿದರು. ಅಪರಾಧಕ್ಕೆ ಬಳಸಿದ ಉಪಕರಣ ಎಂದು ಚೀಟಿ ಹೇಳಿತು. ಕತ್ತರಿಸಿದ ಪಟ್ಟಿ ತನ್ನ ಜಾಗದಲ್ಲಿಯೇ ಉಳಿಯಿತು.

ಕಾರಿನ ಹಿಂದಿನ ಸೀಟು. ಗಾಜು ಏರಿಸಿತ್ತು, ಹೊರಗಿನ ಸದ್ದು ಕೇಳುತ್ತಿರಲಿಲ್ಲ. ಕಾರು ಹೆಬ್ಬಾಗಿಲಿನಲ್ಲಿ ಎಮರಿಯದೇ ಚಿತ್ರವನ್ನು ದಾಟಿ ಸೇತುವೆಗೆ ಬಂತು. ಎಮರಿ ಹಿಂತಿರುಗಿ ನೋಡಿದ. ದೂರದಲ್ಲಿ ಟ್ರ್ಯಾಕ್ಟರು ಕಾಲುವೆಯ ಏರಿಯನ್ನು ಹತ್ತುತ್ತಿತ್ತು. ಅದರ ಹಿಂದೆ ಸರಪಳಿ ತೂಗಾಡುತ್ತಿತ್ತು. ಎಫ್ರೈನ್ ಟಾರ್ಪಾಲಿನ ಮುಂದೆ ನೀರಿನಲ್ಲಿ ನಿಂತಿದ್ದ. ದೂರ ಸರಿಯಲು ಅವನಿಗೆ ಹೇಳುತ್ತಿರಬೇಕು. ಅವನಿಗೆ ಭಾಷೆ ಬರುತ್ತಿರಲಿಲ್ಲ.

ವರ್ಡೀನ್ ಕಟಕಟೆಗೆ ಬೆನ್ನು ಮಾಡಿ ಕಾರಿನ ಕಡೆ ತಿರುಗಿದಳು. ಬಲಗೈ ಎತ್ತಿದಳು. ಐದು ಬೆರಳು.

ಎಮರಿ ಅವಳ ಇನ್ನೊಂದು ಕೈಯನ್ನು ನೋಡಿದ. ಅದು ಕೆಳಗೇ ಇತ್ತು. ಕಾರು ಸೇತುವೆಯ ಅರ್ಧಕ್ಕೆ ಬಂತು. ಅವಳು ತಲೆ ಹೊರಳಿಸಿ ಮಡುವನ್ನು ನೋಡಿದಳು, ನೋಡಿದಳು. ಸೇತುವೆ ಮುಗಿಯಿತು. ಅವನು ಬೇಡಿಯ ಕೈಯ ಮೇಲೆ ಭಾರ ಹಾಕಿ, ಕತ್ತು ತಿರುಚಿ, ಹಿಂದಿನ ಗಾಜಿಗೆ ಹಣೆ ಒತ್ತಿದ.

ಎಡಗೈ ಎದ್ದಿತು. ಒಂದು ಬೆರಳು.

ಎಂಟರಲ್ಲಿ ಆರು. ಉಳಿದದ್ದು ಎರಡು.

"ನೆಟ್ಟಗೆ ಕೂತ್ಕೊ," ಎಂದ ಪೊಲೀಸಿನವನು.

ಎಮರಿ ಕೂರಲಿಲ್ಲ. ಅವನ ಎಣಿಕೆ ಮುಗಿದಿರಲಿಲ್ಲ.